ಗುಟ್ಟಿನ ಕವನಗಳು

ನಿವೃತ್ತಿಯ ದಿನ ಆಫೀಸಿನ ಕಂಪ್ಯೂಟರ್ ಒಪ್ಪಿಸುವ ಮೊದಲು, ಪಕ್ಕದ ಮೇಜಿನ ವಾರಿಜಾ ಅವರ ಮೇಲೆ ನಾನು ಗುಟ್ಟಾಗಿ ಬರೆದಿಟ್ಟಿದ್ದ ಪ್ರೇಮಕವನಗಳನ್ನು ಅಳಿಸಬೇಕಿತ್ತು. ಅರವತ್ತರ ಬ್ರಹ್ಮಚಾರಿಯ ಮಾನದ ಪ್ರಶ್ನೆ! ಕಂಪ್ಯೂಟರ್ ನೋಡಿಕೊಳ್ಳುವ ನಾಗವೇಣಿಯನ್ನು ಕರೆದೆ.

“ಏನಮ್ಮಾ, ಡಿಲೀಟ್ ಮಾಡಿದ್ರೆ ಪೂರ್ತಿ ಹೋಗುತ್ತಾ?”

“ಇಲ್ಲ ಸರ್. ಅದಕ್ಕೆ ಬೇರೆ ಸಾಫ್ಟ್‌ವೇರ್ ಇದೆ. ಆಮೇಲೆ ದೇವರೇ ಬಂದ್ರೂ ವಾಪಸ್ ತರೋಕಾಗಲ್ಲ.”

“ಹಾಗೇ ಮಾಡು. ಒಳಗೆ ಮಾತ್ರ ನೋಡಬೇಡ, ತುಂಬಾ ಗೋಪ್ಯ.”

ಫೋಲ್ಡರಿನ ಹೆಸರು ಕಂಡದ್ದೇ ಅವಳ ಕೈ ನಿಂತಿತು. “ಅಯ್ಯೋ, ಇದಾ? ಬೇಡ ಸರ್. ಊಟದ ಹೊತ್ತಲ್ಲಿ ನಾವೆಲ್ಲ ಓದೋದು ಇದನ್ನೇ. ನೀವು ಇಟ್ಟಿರೋದು ಆಫೀಸಿಗೆಲ್ಲ ಸೇರಿದ ಶೇರ್ಡ್ ಡ್ರೈವ್‌ನಲ್ಲಿ, ಎಲ್ಲರ ಕಂಪ್ಯೂಟರಲ್ಲೂ ಕಾಣುತ್ತಲ್ಲ!”

ನಾನು ಪಕ್ಕದ ಮೇಜಿನತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದೆ. “ವಾರಿಜಾ ಅವರೂ ಓದಿದ್ದಾರಾ?”

“ಮತ್ತೆ, ನಿಮ್ಮ ಕಾಗುಣಿತ ತಿದ್ದುತ್ತಿದ್ದೋರು ಯಾರು ಅನ್ಕೊಂಡ್ರಿ?”