ಕಹಿಯ ಪರೀಕ್ಷೆ

"ಕಹಿ ಗೊತ್ತಾಯ್ತಾ, ಹಾಜಿರಾ?"

ಮಾಸ್ಕ್ ಹಾಕುವ ಮೊದಲು ನಾಲಿಗೆಗೆ ಕಹಿ ತಿಳಿಯುತ್ತದೆಯೇ ಎಂದು ನೋಡಲು ಹಿರಿಯ ನರ್ಸ್ ವಾಸಂತಿ ಅವಳ ತಲೆಗೆ ಹಾಕಿದ್ದ ಪ್ಲಾಸ್ಟಿಕ್ ಮುಸುಕಿನೊಳಗೆ ಒಂದು ಬಾಟಲಿಯಿಂದ ಸಿಂಪಡಿಸಿದ್ದರು. ಕೋವಿಡ್ ಬಂದುಹೋದ ಮೇಲೆ ಹಾಜಿರಾಳ ನಾಲಿಗೆಗೆ ಹಾಗಲವೂ ಒಂದೇ, ಖರ್ಜೂರವೂ ಒಂದೇ. ಬಾಯಿಬಿಟ್ಟರೆ ಶೆಫೀಲ್ಡಿನ ಈ ಕೆಲಸ ಹೋಗುತ್ತದೆ, ಅದರ ಬೆನ್ನಿಗೇ ವೀಸಾ. ತನಗಿಂತ ಮುಂಚೆ ಬಂದ ನರ್ಸುಗಳು ಮುಖ ಕಿವುಚಿದ್ದನ್ನು ನೋಡಿಕೊಂಡಿದ್ದಳು. ತಾನೂ ಹಾಗೆಯೇ ಕಿವುಚಿದಳು. "ಬೇವಿನ ಕಷಾಯ ಇದ್ದ ಹಾಗಿದೆ, ಅಕ್ಕಾ."

ಬಳಿಕ ಮಾಸ್ಕ್ ಹಾಕಿಸಿ ವಾಸಂತಿ ಇನ್ನೊಂದು ಬಾಟಲಿಯಿಂದ ಸಿಂಪಡಿಸಿದರು. ಈಗ ಕಹಿ ತಟ್ಟಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. "ಏನೂ ಇಲ್ಲ," ಎಂದಳು ಹಾಜಿರಾ. ಈ ಸಲ ಹೇಳಿದ್ದು ನಿಜವೇ.

ವಾಸಂತಿ ಅವಳ ಬ್ಯಾಡ್ಜಿಗೆ ಪಾಸಾದ ಹಸಿರು ಸ್ಟಿಕರ್ ಅಂಟಿಸಿ, ಬೆರಳಿನಿಂದ ನೀಟಾಗಿ ಒತ್ತಿದರು. ಗಾಜಿನ ಬಾಗಿಲಿನಾಚೆ, ಇನ್ನೂ ಹೆಸರಿಡದ ಹೊಸ ಜ್ವರದ ಮೊದಲ ರೋಗಿ ಕೆಮ್ಮುತ್ತಿದ್ದ.

"ಬೇವಿನ ಕಷಾಯ ಚೆನ್ನಾಗಿತ್ತಾ?" ಎಂದರು ವಾಸಂತಿ, ದನಿ ಏರಿಸದೆ. "ಮೊದಲು ಹೊಡೆದಿದ್ದು ಬರೀ ನಲ್ಲಿ ನೀರು ಕಣೇ. ನಿನ್ನ ಮೇಲೆ ಅನುಮಾನ ಇತ್ತು."

ಹಾಜಿರಾಳ ಕೈ ಸ್ಟಿಕರ್ ಕೀಳಲು ಹೋಯಿತು. ವಾಸಂತಿ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಇರಲಿ ಬಿಡು. ಇವತ್ತಿನ ಡ್ಯೂಟಿ ಪಟ್ಟಿಯಲ್ಲಿ ಬೇರೆ ಯಾರೂ ಇಲ್ಲ." ಬಾಗಿಲು ತೆರೆದು ಹಿಡಿದರು. "ಒಳಗೆ ಹೋಗು."