ಮಣ್ಣು ಮುಟ್ಟದ ಸೊಪ್ಪು

ಮಾಳಿಗೆಯ ಬಾಗಿಲು ತೆರೆದ ಹೆಂಡತಿ ನಿಂತಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಕತ್ತರಿಗೆ ಇನ್ನು ಕೆಲಸವಿರಲಿಲ್ಲ. ನಿನ್ನೆಯವರೆಗೆ ಬಿಳಿ ಪೈಪುಗಳ ತೂತುಗಳಲ್ಲಿ ಎದೆಯುಬ್ಬಿಸಿ ನಿಂತಿದ್ದ ಲೆಟ್ಯೂಸ್ ಸೊಪ್ಪು ಇವತ್ತು ಹಿಂಡಿ ಎಸೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಹಗಲೂ ರಾತ್ರಿ ಗುಂಯ್ ಎನ್ನುತ್ತಿದ್ದ ಪಂಪಿನ ಉಸಿರೇ ಇಲ್ಲ. ಗೋಡೆಯ ಕಡೆ ನೋಡಿದಳು. ಪಂಪಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಆರಾಮಾಗಿ ಕೂತಿತ್ತು.

ಅದನ್ನು ಕೂರಿಸಿದವಳು ಅವಳೇ. ತನ್ನ ಅಕ್ಕನನ್ನು ಕರೆತರಲು ಹೋಗುವ ಗಂಡ ನಾಲ್ಕು ಜನರ ಎದುರು ಚೆನ್ನಾಗಿ ಕಾಣಲಿ ಎಂದು ನಿನ್ನೆ ಮಧ್ಯಾಹ್ನ ಅವನ ಅಂಗಿಯನ್ನು ಇಲ್ಲೇ ಗರಿಗರಿಯಾಗಿ ಇಸ್ತ್ರಿ ಮಾಡಿದ್ದಳು. ಮಣ್ಣಿನಲ್ಲಿರುವ ಗಿಡವಾದರೆ ಒಂದು ದಿನ ನೀರಿಲ್ಲದಿದ್ದರೂ ಹೇಗೋ ಸುಧಾರಿಸಿಕೊಳ್ಳುತ್ತದೆ. ಇವುಗಳ ಬೇರಿಗೆ ಪೈಪಿನೊಳಗೆ ಹರಿಯುವ ನೀರು ಬಿಟ್ಟರೆ ಬೇರೆ ಗತಿಯಿಲ್ಲ. ಚೊಂಬಿನಲ್ಲಿ ನೀರು ತಂದು ಸುರಿದಳು. ಒಂದು ಎಲೆಯೂ ಮಿಸುಕಲಿಲ್ಲ.

ಗಂಡನದು ಕೈಗಡಿಯಾರ ರಿಪೇರಿಯ ಅಂಗಡಿ. ಜನ ಗಡಿಯಾರ ಕಟ್ಟುವುದನ್ನು ಬಿಟ್ಟ ಮೇಲೆ ಅವನ ಬೆರಳುಗಳು ಸುಮ್ಮನಿರಲಾರದೆ ಒಂದಲ್ಲ ಒಂದು ಹುಚ್ಚು ಹಚ್ಚಿಕೊಂಡವು. ಮೀನು ಸಾಕಿದ, ಗಾಜಿನ ತೊಟ್ಟಿ ಒಡೆದು ನಡುಮನೆ ಕೆರೆಯಾಯಿತು. ಅಣಬೆ ಬೆಳೆದ, ಮನೆಗೆ ಮನೆಯೇ ಸೀನಿತು. ಮನೆ ಅಕ್ಕನ ಹೆಸರಿನಲ್ಲಿತ್ತು. ಅವಳೋ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅವಳು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಅಂಗಡಿಗಳ ತಕ್ಕಡಿಗಳು ತಾವಾಗಿಯೇ ಪ್ರಾಮಾಣಿಕವಾಗುತ್ತಿದ್ದವು. “ಮಣ್ಣಿಲ್ದೆ ಬೆಳೆ ಬೆಳೀತಾನಂತೆ!” ಎಂದು ಫೋನಿನಲ್ಲಿ ಗುಡುಗಿದ್ದಳು. “ಬಂದು ತಿಂದು ನೋಡ್ತೀನಿ. ನನಗೆ ಒಪ್ಪಿಗೆ ಆಗ್ಲಿಲ್ವೋ, ಅವತ್ತೇ ಆ ಪೈಪುಗಳನ್ನ ಕಳಚಿಸಿ ಹಾಕ್ತೀನಿ.”

ಬೆಳಿಗ್ಗೆ ಹೊರಡುವಾಗ ಗಂಡ, ಮೇಲೆ ಹೋಗಿ ಸೊಪ್ಪಿನ ಮುಖ ನೋಡಲೂ ಪುರುಸೊತ್ತಿಲ್ಲದೆ ಚಪ್ಪಲಿ ಮೆಟ್ಟುತ್ತಾ ಹೇಳಿದ್ದ: “ನಾವು ಬರೋಷ್ಟರಲ್ಲಿ ಎಲ್ಲಾನೂ ಕೊಯ್ದಿಟ್ಟಿರು. ಮೊದಲನೇ ಕೊಯ್ಲು, ನಿನ್ನ ಕೈಯಿಂದಾನೇ ಆಗ್ಲಿ.” ಮೀನಿಗೂ ಅಣಬೆಗೂ ಗೊಣಗಿದ್ದ ಅವಳು ಈ ಸೊಪ್ಪಿಗೆ ಮಾತ್ರ ಒಂದು ಮಾತೂ ಆಡಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನು ಸಿಳ್ಳೆ ಹಾಕಿಕೊಂಡು ಮೆಟ್ಟಿಲು ಹತ್ತುವುದನ್ನು ಕೇಳಿದ್ದಳಲ್ಲ. ಅಳುತ್ತಾ ಕೂರುವ ಹೊತ್ತಲ್ಲ ಎಂದುಕೊಂಡು, ಬಾಡಿದ್ದನ್ನೆಲ್ಲ ಕಿತ್ತು ನೀರಿನ ಟ್ಯಾಂಕಿನ ಹಿಂದೆ ತುರುಕಿ, ಚೀಲ ಹಿಡಿದು ಮಾರುಕಟ್ಟೆಗೆ ಓಡಿದಳು. ಅದೇ ಜಾತಿಯ ಸೊಪ್ಪು ಸಿಕ್ಕಿತು. ಬುಡದಲ್ಲಿ ಯಾರದೋ ಹೊಲದ ಕೆಸರು ಮುದ್ದೆಮುದ್ದೆಯಾಗಿ ಅಂಟಿತ್ತು. ಬೇರು ಕತ್ತರಿಸಿ, ನಲ್ಲಿಯ ಕೆಳಗೆ ಹಿಡಿದು ಉಜ್ಜುತ್ತಿರುವಾಗಲೇ ಕರೆಗಂಟೆಯ ಸದ್ದಾಯಿತು.

ಊಟಕ್ಕೆ ಕೂತ ಗಂಡ ಸೊಪ್ಪಿನ ತಟ್ಟೆಯನ್ನು ಅಕ್ಕನ ಮುಂದೆ ಸರಿಸಿದ. “ನೋಡಕ್ಕಾ, ಹುಟ್ಟಿದಾಗಿನಿಂದ ಮಣ್ಣನ್ನೇ ಕಂಡಿಲ್ಲ ಇದು! ತೊಳೀದೇನೂ ತಿನ್ನಬಹುದು. ಒಂದೇ ಒಂದು ಮಣ್ಣಿನ ಹರಳು ಸಿಕ್ಕಿದ್ರೆ ಈ ಮನೇನೇ ಬಿಟ್ಟು ಹೋಗ್ತೀನಿ.”

“ರೀ, ಮೊದಲು ಅತ್ತಿಗೆ ತಿನ್ಲಿ, ಆಮೇಲೆ ಭಾಷಣ ಮಾಡಿ,” ಎಂದಳು ಹೆಂಡತಿ.

ಅತ್ತಿಗೆ ಒಂದು ಎಲೆಯನ್ನೆತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ, ಮಡಚಿ ಬಾಯಿಗಿಟ್ಟಳು. ಅಗಿದಳು.

ಕರಕ್.

ಆ ಸದ್ದು ತನ್ನ ತಲೆಯೊಳಗೇ ಆಯಿತೇನೋ ಎನಿಸಿತು ಹೆಂಡತಿಗೆ. ಅತ್ತಿಗೆಯ ದವಡೆ ನಿಂತಿತು. ಅವಳ ಕಣ್ಣು ತಟ್ಟೆಯಿಂದ ತಮ್ಮನ ಹಿಗ್ಗಿದ ಮುಖಕ್ಕೆ ಹೋಯಿತು. ಅಲ್ಲಿಂದ ನೀರಿನ ಹೂಜಿ ಹಿಡಿದಿದ್ದ ಹೆಂಡತಿಯ ಕೈಗೆ ಬಂತು. ಉಗುರಿನ ಸಂದಿಯಲ್ಲಿ ಕಪ್ಪಗೆ ಕೆಸರು ಕೂತಿತ್ತು. ತಕ್ಕಡಿಯ ಮುಳ್ಳನ್ನು ದಿಟ್ಟಿಸುವ ಹಾಗೆ ಅತ್ತಿಗೆ ಆ ಉಗುರುಗಳನ್ನೇ ದಿಟ್ಟಿಸಿದಳು.

“ಏನಕ್ಕಾ ಅದು ಸದ್ದು?” ಎಂದ ತಮ್ಮ.

“ನನ್ನ ಹಲ್ಲು ಕಣೋ,” ಎಂದಳು ಅಕ್ಕ, ಕೆನ್ನೆ ಹಿಡಿದುಕೊಂಡು. “ದವಡೆ ಹಲ್ಲಿಗೆ ಸಿಮೆಂಟು ಹಾಕ್ಸಿದ್ದೆ. ಕಿತ್ಕೊಂಡು ಬಂತು ನೋಡು.”

“ಅಯ್ಯೋ! ಡಾಕ್ಟರ ಹತ್ರ ಹೋಗೋಣ ನಡಿ.”

“ಸುಮ್ನೆ ಕೂತ್ಕೊಳೋ. ಹಲ್ಲಿನ ತಪ್ಪಿಗೆ ಸೊಪ್ಪು ಏನು ಮಾಡುತ್ತೆ? ಚೆನ್ನಾಗೇ ಇದೆ. ನಿನ್ನ ಪೈಪು ಇದ್ದಲ್ಲೇ ಇರ್ಲಿ.”

ಹೆಂಡತಿ ಹೂಜಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ತೀರ್ಪು ಬರುವ ತನಕ ಒಂದೆಲೆಯನ್ನೂ ಮುಟ್ಟದೆ ಕೂತಿದ್ದ ಗಂಡನಿಗೆ ಈಗ ತಡೆಯಲಾಗಲಿಲ್ಲ. ಎರಡು ಮೂರು ಎಲೆಗಳನ್ನು ಒಟ್ಟಿಗೆ ಮುದುರಿ ಬಾಯಿಗೆ ತುಂಬಿಕೊಂಡ.

ಕರಕ್. ಮತ್ತೆ, ಕರಕ್.

ಅಗಿಯುವುದನ್ನು ನಿಲ್ಲಿಸಿ ತಟ್ಟೆ ನೋಡಿದ. ಹೆಂಡತಿಯನ್ನು ನೋಡಿದ. ಅವಳು ಕೈಗಳೆರಡನ್ನೂ ಸೆರಗಿನೊಳಗೆ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನೆಲ ನೋಡುತ್ತಿದ್ದಳು. ಅಕ್ಕ ಬಹಳ ಮುತುವರ್ಜಿಯಿಂದ ಅನ್ನ ಕಲೆಸುತ್ತಿದ್ದಳು. ಗಂಡ ಬಾಯಲ್ಲಿದ್ದದ್ದನ್ನು ಗುಟುಕ್ಕನೆ ನುಂಗಿ, ಇನ್ನೊಂದು ಎಲೆಗೆ ಕೈಚಾಚಿದ.

“ಅಕ್ಕಾ,” ಎಂದ, “ನಮ್ಮ ವಂಶದವರ ಹಲ್ಲೇ ಅಷ್ಟು ಗಟ್ಟಿ ಇಲ್ಲ ಅಂತ ಕಾಣುತ್ತೆ.”