ಹಿಂದಿನ ಎಡದಿಕ್ಕು

ಗಾಳಿ ದನಿ ಹೊರುವುದನ್ನು ನಿಲ್ಲಿಸಿದ ಮೇಲೆ ಹುಬ್ಬಳ್ಳಿಯ ಜನ ಒಬ್ಬರನ್ನೊಬ್ಬರು ಹೆಡ್‌ಫೋನಿನಲ್ಲೇ ಕೇಳಿಸಿಕೊಳ್ಳುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿದ ಸೌಂಡ್ ಕಾರ್ಡೇ ತಮ್ಮ ದನಿ ಕಳಿಸುತ್ತಿತ್ತು, ಬೇರೆಯವರ ದನಿ ತರುತ್ತಿತ್ತು; ಅದರಲ್ಲಿ ಮನೆಯ ಒಬ್ಬೊಬ್ಬರ ದನಿ ಬರಲು ಒಂದೊಂದು ದಿಕ್ಕು. ಕಸ್ತೂರಿ ತನ್ನ ಗಂಡ ಚನ್ನವೀರನಿಗೆ ಹಿಂದಿನ ಎಡದಿಕ್ಕು ಕೊಟ್ಟಿದ್ದಳು. ಆದರೆ ಗೇಮ್ ಆಡಲು ಕೂತರೆ ವೈರಿಯ ಹೆಜ್ಜೆ ಕೇಳಲು ಎಂಟೂ ದಿಕ್ಕು ಬೇಕು. ಆಗ ಗಂಡನದನ್ನು ಕಸಿದು ಆಟಕ್ಕೆ ಕೊಡುತ್ತಿದ್ದಳು. ಅಷ್ಟು ಹೊತ್ತು ಅವನ ದನಿ ಅವಳಿಗೆ ಮುಟ್ಟುತ್ತಿರಲಿಲ್ಲ. ಹತ್ತು ನಿಮಿಷ ತಾನೇ ಎಂದುಕೊಳ್ಳುತ್ತಿದ್ದಳು.

ಇವತ್ತು ಫೈನಲ್ಲು, ಒಂದು ತಾಸು ಹಿಡಿಯಿತು. "ಗೆದ್ದೆ!" ಎಂದು ಕೂಗಿ ಕುಣಿದಾಡಿ, ಆಮೇಲೆ ದಿಕ್ಕನ್ನು ಗಂಡನಿಗೆ ಮರಳಿಸಿದಳು. ಹಿಂದಿನಿಂದ ನರಳಾಟ ಕೇಳಿತು.

ಓಡಿ ಹೋಗಿ ನೋಡಿದರೆ ಚನ್ನವೀರ ಬಚ್ಚಲಲ್ಲಿ ಜಾರಿಬಿದ್ದಿದ್ದ. ಪಾದ ಊದಿ ಕುಂಬಳಕಾಯಿಯಾಗಿತ್ತು.

"ಎಷ್ಟ್ ಒದರಿದ್ನಿ ಕಸ್ತೂರಿ, ಕೇಳ್ಲಿಲ್ಲೇನ?"

"ಇಲ್ರೀ, ಕಾರ್ಡ್ ಕೆಟ್ಟೈತ್ರೀ," ಎಂದಳು, ಹಸಿರು ದೀಪ ಉರಿಯುತ್ತಿದ್ದ ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ.

"ಹಂಗೇನು? ಇರ್ಲಿ ಬಿಡು." ಅವಳ ಹೆಗಲು ಹಿಡಿದು ಅವನು ಮೆಲ್ಲಗೆ ಎದ್ದ. "ಗೆದ್ದಿ ಅಲ್ಲಾ? ನೀ ಕೂಗಿ ಕುಣಿದಾಡಿದ್ದೂ ನನಗ ಕೇಳಿಸ್ತು."